ಎದುರು ಕೂತು ಓದುವುದು

ಯೆಹೂದಿಗಳ ಆ ಹಳೆಯ ಧರ್ಮಗ್ರಂಥದಲ್ಲಿ ಪುಟದ ನಡುವಿನ ಅಂಕಣ ನನ್ನ ಮೂರು ಬೆರಳಿನಷ್ಟೇ ಅಗಲವಿತ್ತು. ಅದರ ಸುತ್ತ ಸಣ್ಣಕ್ಷರದಲ್ಲಿ ಬೇರೆ ಬೇರೆ ಶತಮಾನದವರ ವ್ಯಾಖ್ಯಾನಗಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆದಿದ್ದರು. ಸೋತ ಅಭಿಪ್ರಾಯವನ್ನೂ ಯಾರೂ ಅಳಿಸಿರಲಿಲ್ಲ.

ಐರ್ಲೆಂಡಿನ ಕಾರ್ಕ್‌ನಲ್ಲಿ ಎಂ.ಎ. ಮುಗಿಸಿ ಅದೇ ಊರಿನ ಹಾಲಿಹಿಲ್‌ ಬಡಾವಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಯೆಹೂದಿ ಚಿಂತನೆಯ ಓದನ್ನು ನಾನು ಬಿಟ್ಟಿರಲಿಲ್ಲ. ಆ ವಿಷಯ ಕಲಿಸಿದ ಪ್ರಾಧ್ಯಾಪಕಿ ನಿವೃತ್ತರಾಗಿದ್ದರು, ಸ್ವತಃ ಯೆಹೂದಿ. ಅವರಲ್ಲಿ ಇಂಥ ಗ್ರಂಥಗಳನ್ನು ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದುವುದು ಹಳೆಯ ಪದ್ಧತಿ. ಒಬ್ಬರು ಅರ್ಥ ಹೇಳಿದರೆ ಇನ್ನೊಬ್ಬರು ಅದನ್ನು ಪ್ರಶ್ನಿಸಬೇಕು. ಪ್ರಾಧ್ಯಾಪಕಿಯ ಹಳೆಯ ಓದಿನ ಜೊತೆಗಾರ್ತಿ ಡಬ್ಲಿನ್‌ಗೆ ಹೋದ ಮೇಲೆ ಎದುರಿನ ಕುರ್ಚಿ ನನ್ನದಾಯಿತು. ವಾರವಿಡೀ ನಾನು ಕಾಯುತ್ತಿದ್ದುದು ಭಾನುವಾರದ ಆ ಮಧ್ಯಾಹ್ನಕ್ಕೆ.

ಅಂದಿನ ಪುಟ ಕಳೆದುಹೋದ ವಸ್ತುಗಳ ಬಗ್ಗೆ. ಗುರುತಿಲ್ಲದ ವಸ್ತು ದಾರಿಯಲ್ಲಿ ಸಿಕ್ಕಿ, ಕಳೆದುಕೊಂಡವನು ಆಸೆ ಬಿಟ್ಟಿದ್ದರೆ, ಅದು ಸಿಕ್ಕವರದು. ಆದರೆ ಕಳೆದದ್ದೇ ಅವನಿಗಿನ್ನೂ ಗೊತ್ತಿಲ್ಲದಿದ್ದರೆ? ಗೊತ್ತಾದಾಗ ಹೇಗೂ ಆಸೆ ಬಿಡುತ್ತಾನೆ, ಆದ್ದರಿಂದ ಈಗಲೇ ಬಿಟ್ಟಂತೆ ಎಂಬ ಪಕ್ಷವನ್ನು ಅವರು ವಿವರಿಸಿದರು.

"ಹೌದು, ಸರಿ," ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ಬೇಕೆಂದೇ ಸೋಲುವ ಪಕ್ಷ ಹಿಡಿದಿದ್ದೆ. ಅದಕ್ಕೂ ಸರಿ ಅಂತೀಯ. ಗೋಡೆ ಮುಂದೆ ಓದಿದರೂ ನನಗೆ ಇಷ್ಟೇ ಸಿಗುತ್ತೆ. ಮುಂದಿನ ವಾರವೂ ಹೀಗೇ ಆದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ತೀನಿ."

ದನಿಯಲ್ಲಿ ಕೋಪವಿರಲಿಲ್ಲ. ಎಂದಿನಂತೆ ಟೀ ಕೊಟ್ಟರು.

ನಮ್ಮ ಶಾಸ್ತ್ರಗಳಲ್ಲೂ ಪೂರ್ವಪಕ್ಷಕ್ಕೆ ಜಾಗವಿದೆ. ನಾನು ಬೆಳೆದ ಮೈಸೂರಿನ ಮನೆಯಲ್ಲಿ ಮಾತ್ರ ಅದು ಪುಸ್ತಕದೊಳಗಷ್ಟೇ ಇತ್ತು. ಹಿರಿಯರು ಮಾತು ಮುಗಿಸಿದಾಗ ತಲೆಯಾಡಿಸುವುದೇ ಗೌರವವೆಂದು ಕಲಿತಿದ್ದೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕುಬಿಟ್ಟಳು.

"ಹೀಟಿಂಗ್ ವಿಷಯಕ್ಕೆ ನನ್ ಹತ್ರ ಲಾಯರ್ ಥರ ವಾದ ಮಾಡ್ತೀಯ, ಅಲ್ಲಿ ಹೋಗಿ ಕೋಲೆಬಸವನ ಥರ ತಲೆ ಆಡಿಸ್ತೀಯಾ?"

"ಅವರು ದೊಡ್ಡವರು ಕಣೇ."

"ಆ ದೊಡ್ಡವ್ರೇ ಜಗಳ ಆಡು ಅಂತಿದಾರಲ್ಲ! ಆಡ್ದೇ ಇದ್ರೇನೇ ಅವ್ರ ಮಾತು ಮೀರಿದ ಹಾಗೆ. ಈಗ ಹೀಟಿಂಗ್ ಹಾಕ್ಲಾ?"

"ಬೇಡ. ಇನ್ನೂ ಅಷ್ಟು ಚಳಿ ಇಲ್ಲ."

"ನೋಡು, ಎಷ್ಟು ಸಲೀಸಾಗಿ ಬಂತು. ಯೂ ಆರ್ ಗ್ರ್ಯಾಂಡ್," ಎಂದು ಇಲ್ಲಿಯವರ ಧಾಟಿಯಲ್ಲೇ ಧೈರ್ಯ ಹೇಳಿದಳು.

ಮುಂದಿನ ಭಾನುವಾರ ಪ್ರಾಧ್ಯಾಪಕಿ ಅದೇ ಪುಟ ತೆರೆದು, ಅದೇ ಪಕ್ಷವನ್ನು ಮತ್ತೆ ಮಂಡಿಸಿದರು.

"ನಾನು ಒಪ್ಪಲ್ಲ," ಎಂದೆ. "ನಾಳೆ ಗೊತ್ತಾದಾಗ ಅವನಿಗೆ ಏನನ್ನಿಸುತ್ತೋ ಅದನ್ನ ಇವತ್ತೇ ಅವನ ಪರವಾಗಿ ನಾವು ತೀರ್ಮಾನಿಸೋ ಹಾಗಿಲ್ಲ. ಆಸೆ ಬಿಡೋದಕ್ಕೂ ಮೊದಲು ಗೊತ್ತಾಗಬೇಕು."

ಅವರು ಮುಂದಕ್ಕೆ ಬಾಗಿದರು. "ಹಾಗಾದರೆ ಗಾಳಿಗೆ ಉದುರಿದ ಹಣ್ಣು? ಮರದ ಒಡೆಯ ಮನೆಯಲ್ಲಿ ಮಲಗಿದಾನೆ, ಅವನಿಗೆ ಗೊತ್ತೇ ಇಲ್ಲ. ದಾರಿಹೋಕ ಅದನ್ನ ತಿನ್ನೋದನ್ನ ನಮ್ಮವರು ಒಪ್ಪಿದಾರೆ. ಹೇಗೆ?"

ಟೀ ಆರುವವರೆಗೂ ಏನೇನೋ ಹೇಳಿದೆ. ಒಂದೊಂದನ್ನೂ ಅವರು ಖುಷಿಯಿಂದ ಮುರಿದುಹಾಕಿದರು. ಕೊನೆಗೆ ಪುಟದ ನಡುವೆ ಕಾಗದದ ಚೂರು ಇಟ್ಟು, "ಮುಂದಿನ ವಾರ ಇಲ್ಲಿಂದಲೇ," ಎಂದರು. ಬಾಗಿಲವರೆಗೆ ಬಂದು ಇನ್ನೊಮ್ಮೆ ನೆನಪಿಸಿದರು: "ಹಣ್ಣು!"

ಮರುದಿನ ಬೆಳಿಗ್ಗೆ ಬಸ್‌ಸ್ಟಾಪಿನ ಪಕ್ಕದ ಕಾಂಪೌಂಡಿನಿಂದ ಸೇಬುಗಳು ಫುಟ್‌ಪಾತಿಗೆ ಉರುಳಿ ಬಿದ್ದಿದ್ದವು. ಆ ಮನೆಯವರು ಹೆಕ್ಕುವ ಗೋಜಿಗೇ ಹೋಗಿರಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. ನಾನು ಪ್ರಾಧ್ಯಾಪಕಿಗೆ ಫೋನ್ ಮಾಡಿದೆ.

"ಹಣ್ಣು ಉದುರುತ್ತೆ ಅಂತ ಒಡೆಯನಿಗೆ ಮೊದಲೇ ಗೊತ್ತಿರುತ್ತೆ, ಆಸೆನೂ ಆಗಲೇ ಬಿಟ್ಟಿರ್ತಾನೆ," ಎಂದೆ. "ಅದು ಬೇರೆ ವಿಷಯ. ನೀವು ಹೇಳಿದ್ದು ತಪ್ಪು."

ಗುಡ್ ಮಾರ್ನಿಂಗ್ ಹೇಳಿದ್ದು ಆಮೇಲೆ.