ಇಬ್ಬರು ಜಯಮ್ಮಂದಿರು

ಹೋದ ವಾರ ಬಾಬುರಾಯನಕೊಪ್ಪಲಿನ ಒಂದು ಮನೆಯಿಂದ ಹುರಿದ ಹುಚ್ಚೆಳ್ಳಿನ ವಾಸನೆ ರಸ್ತೆಗೆ ಬಂತು. ಬೈಕು ನಿಲ್ಲಿಸಿಬಿಟ್ಟೆ. ದೊಡ್ಡ ಸಿಸ್ಟರ್ ನೆನಪಾದರು...

ಪಾಂಡವಪುರದ ಕಡೆ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸು. ನಾನು ಎಂ.ಎಸ್ಸಿ. ಮುಗಿಸಿ ಅಲ್ಲಿನ ಲ್ಯಾಬಿಗೆ ಸೇರಿದ್ದೆ. ಬೆಳಿಗ್ಗೆ ಡ್ಯೂಟಿ ಬದಲಾಗುವ ಹೊತ್ತಿಗೆ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರನ್ನೂ ಅವರು ಡ್ರೆಸ್ಸಿಂಗ್ ರೂಮಿಗೆ ಕರೆಯುತ್ತಿದ್ದರು. ಹಿಂದಿನ ದಿನ ಮಾಡಿದ, ಇಲ್ಲವೆ ಮಾಡುವುದರಲ್ಲಿದ್ದ ತಪ್ಪನ್ನು ಹೇಳಬೇಕು. ಯಾರೂ ಬೈಯುವಂತಿಲ್ಲ. ಮೊದಲು ಬಾಯಿಬಿಟ್ಟವರಿಗೆ ಅವರ ಡಬ್ಬಿಯಿಂದ ಹುಚ್ಚೆಳ್ಳು ಚಟ್ನಿ ಸವರಿದ ಅಕ್ಕಿರೊಟ್ಟಿ. ಎಷ್ಟೋ ದಿನ ಅವರೇ ಮೊದಲು ಹೇಳಿ, ಅವರೇ ತಿನ್ನುತ್ತಿದ್ದರು.

ನನಗೆ ಇದು ಭಜನೆ ಕೂಟದಂತೆ ಕಾಣುತ್ತಿತ್ತು. ಗೋಡೆಗೊರಗಿ ಸುಮ್ಮನೆ ನಿಲ್ಲುತ್ತಿದ್ದೆ.

"ಏನಪ್ಪ ಎಮ್ಮೆಸ್ಸಿ, ನೀನು ತಪ್ಪೇ ಮಾಡಾಕಿಲ್ವಾ? ನಮ್ ರೊಟ್ಟಿ ತಿನ್ನೋ ಯೋಗ ನಿಂಗಿಲ್ಲ ಬುಡು," ಎನ್ನುತ್ತಿದ್ದರು.

ಒಂದು ದಿನ ಹೆಂಗಸರ ವಾರ್ಡಿನಲ್ಲಿ ಇಬ್ಬರು ಜಯಮ್ಮಂದಿರಿದ್ದರು. ಒಬ್ಬರು ಅಕ್ಕಿಹೆಬ್ಬಾಳಿನವರು, ಇನ್ನೊಬ್ಬರು ಪಾಲಹಳ್ಳಿಯವರು. ಅಕ್ಕಿಹೆಬ್ಬಾಳಿನವರಿಗೆ ರಕ್ತ ಕೊಡಬೇಕಿತ್ತು. ಹಿಂದಿನ ದಿನ ಸ್ಯಾಂಪಲ್ ತೆಗೆದವನು ನಾನು. ಅದಕ್ಕೆ ಹೊಂದುವ ರಕ್ತದ ಚೀಲ ಮಂಡ್ಯದ ಬ್ಲಡ್ ಬ್ಯಾಂಕಿನಿಂದ ಬಂದಿತ್ತು. ಇನ್ನೇನು ಏರಿಸುವುದಷ್ಟೇ ಬಾಕಿ.

ಬೆಳಗಿನ ಕೂಟದಲ್ಲಿ ಕಸ ಗುಡಿಸುವ ಆಯಾ ಬಾಗಿಲ ಹತ್ತಿರದಿಂದ ಹೇಳಿದಳು: "ನಂದು ತಪ್ಪೇನಿಲ್ಲ ಸಿಸ್ಟರ್. ಆ ಪಾಲಳ್ಳಿ ಜಯಮ್ಮಂಗೆ ಕೈ ಊದ್ಕಂಡದೆ. ನಿನ್ನೆ ಲ್ಯಾಬ್ ಸಾರು ರಕ್ತ ತಗಂಡ್ರಲ್ಲ, ಅಲ್ಲೇಯ."

ಹಾಗಾದರೆ ನಾನು ರಕ್ತ ತೆಗೆದದ್ದು ಪಾಲಹಳ್ಳಿಯವರಿಂದ. ಹಿಂದಿನ ದಿನ "ಜಯಮ್ಮ ನೀವೇನಾ?" ಎಂದು ಕೇಳಿದ್ದೆ, ಅವರು ಹೂಂ ಎಂದಿದ್ದರು. ಡಾಕ್ಟರ ಚೀಟಿಯಲ್ಲಿ ಗಂಡನ ಹೆಸರಿತ್ತು, ಅದನ್ನೂ ಕೇಳಿದ್ದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು. ಗಂಡನ ಹೆಸರು ಹೇಳದ ಕಾಲದವರು, ಇರಲಿ ಎಂದು ಸೂಜಿ ಚುಚ್ಚಿದ್ದೆ. ಈಗ ಚೀಲದ ಮೇಲೆ ಬರೆದದ್ದೆಲ್ಲ ಚೀಟಿಗೆ ಸರಿಹೊಂದುತ್ತಿತ್ತು. ರಕ್ತ ಮಾತ್ರ ಬೇರೆ ಹೆಂಗಸಿಗೆ ಹೊಂದಿಸಿದ್ದು. ಅದು ಏರಿದರೆ ಅಕ್ಕಿಹೆಬ್ಬಾಳಿನ ಜಯಮ್ಮ ಉಳಿಯುವುದು ಕಷ್ಟ.

ಹೇಗೆ ಹೇಳಿದೆನೋ... "ಚೀಲ ನಿಲ್ಲಿಸಿ, ತಪ್ಪು ನಂದು" ಅಂದೆ ಅಂತ ನೆನಪು. ಆಯಾ ಮಾತ್ರ, ನಾನು ಏನೂ ಹೇಳದೆ ವಾರ್ಡಿಗೆ ಓಡಿದೆ ಅನ್ನುತ್ತಾಳೆ. ಅವಳ ಮಾತೇ ನಿಜವಿರಬಹುದು. ಧೈರ್ಯದ ಮಾತುಗಳನ್ನು ನೆನಪು ಆಮೇಲೆ ಸೇರಿಸಿಕೊಳ್ಳುತ್ತದೆ.

ಅಕ್ಕಿಹೆಬ್ಬಾಳಿನವರಿಂದ ಹೊಸದಾಗಿ ಸ್ಯಾಂಪಲ್ ತೆಗೆದೆ. ರಕ್ತದ ಗುಂಪೇ ಬೇರೆ. ಸಂಜೆಯೊಳಗೆ ಸರಿಯಾದ ರಕ್ತ ಬಂತು. ಕೆಲವು ದಿನಗಳ ಮೇಲೆ ಆ ಜಯಮ್ಮ ಮಗನ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಹೋದರು. ಇಡೀ ಆಸ್ಪತ್ರೆ ಗೇಟಿಗೆ ಬಂದು ನಿಂತು ನೋಡಿತು.

ದೊಡ್ಡ ಸಿಸ್ಟರ್ ನನ್ನನ್ನು ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರೆದುರು ಆಯಾಳನ್ನೇ ಕೇಳಿದರು, "ನೀನಾಗಿದ್ರೆ ಎಂಗೆ ಕೇಳ್ತಿದ್ದೆ?"

"ಗಂಡನ್ ಹೆಸ್ರು ಯಾಕ್ ಕೇಳೀರಿ? ನಿಮ್ಮೂರು ಯಾವ್ದು, ಮಗಳ್ನ ಎಲ್ಲಿಗೆ ಕೊಟ್ಟಿದ್ದೀರಿ ಅನ್ನಿ. ಬ್ಯಾಡ ಅಂದ್ರೂ ಮಾತು ನಿಲ್ಸಾಕಿಲ್ಲ."

ಡಾಕ್ಟರು ನಗುತ್ತಲೇ ಅದನ್ನು ಬರೆದು ಗೋಡೆಗೆ ಅಂಟಿಸಿದರು. ಇಂಜೆಕ್ಷನ್ನಿಗೆ ಮೊದಲು, ಆಪರೇಷನ್ನಿಗೆ ಮೊದಲು ಅದೇ ಪ್ರಶ್ನೆ. ಅಲ್ಲಿಂದ ಕೆಲಸ ಬಿಟ್ಟವರು ಕೆ.ಆರ್. ಪೇಟೆಗೂ ನಾಗಮಂಗಲಕ್ಕೂ ಅದನ್ನು ಒಯ್ದರು.

ದೊಡ್ಡ ಸಿಸ್ಟರ್ ತೀರಿಕೊಂಡು ಎರಡು ವರ್ಷವಾಯಿತು. ಅವತ್ತು ನಾನು ಬಾಯಿಬಿಟ್ಟೆನೋ, ಬರೀ ಓಡಿದೆನೋ, ಕೇಳೋಣವೆಂದರೆ ಅವರಿಲ್ಲ. ಈಗ ನಾನು ಶ್ರೀರಂಗಪಟ್ಟಣದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಹೊಸಬರು ಬಂದಾಗಲೆಲ್ಲ ಜಯಮ್ಮಂದಿರ ಕಥೆ ಹೇಳುತ್ತೇನೆ. ಅನುಮಾನವಿರುವ ಕಡೆ ಅನುಮಾನ ಅಂತಲೇ ಹೇಳುತ್ತೇನೆ. ನಿನ್ನೆ ಬೆಳಿಗ್ಗೆ, ಸೇರಿ ಇನ್ನೂ ವಾರವಾಗದ ನರ್ಸು ಹುಡುಗಿ ಕೈ ಎತ್ತಿದಳು.

"ಸಾರ್, ನಂದೂ ಒಂದ್ ತಪ್ಪೈತೆ. ಹೇಳ್ಲಾ?"