ಗುಡ್ಡದಾಚೆಯ ಮೂರು ಮನೆಗಳು

ಲಂಡನ್ನಿನ ಕೊಲಿಂಡೇಲ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎರಡನೇ ಮಹಡಿಯ ಮುದುಕನಿಗೂ ನನಗೂ ಮೊದಲಿನಿಂದಲೇ ಆಗುತ್ತಿರಲಿಲ್ಲ. ನಮ್ಮ ಒಗ್ಗರಣೆಯ ವಾಸನೆ ಲಿಫ್ಟಿನೊಳಗೆ ನಿಲ್ಲುತ್ತದೆಂದು ಎರಡು ಸಲ ದೂರು ಕೊಟ್ಟಿದ್ದ. ಹೀಗಿರುವಾಗ, ಅವನು ಕೆಳಗಿನ ಸಭಾಂಗಣದಲ್ಲಿ ತನ್ನ ಹುಟ್ಟುಸೀಮೆಯ ಬಗ್ಗೆ ಮಾತಾಡುತ್ತಾನೆ ಎಂಬ ಚೀಟಿ ಕಂಡಿತು. ವೇಲ್ಸಿನ ಆ ಗುಡ್ಡಗಾಡು ಸೀಮೆಯ ಹೆಸರು ಓದಿ ನಿಂತುಬಿಟ್ಟೆ. ಧಾರವಾಡದಿಂದ ಬಂದ ಹೊಸದರಲ್ಲಿ ನಾಲ್ಕು ಚಳಿಗಾಲ ನಾನು ಅಲ್ಲೇ ಊರ ಡಾಕ್ಟರಾಗಿದ್ದೆ.

ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರಿದ್ದೆವು. ಮುದುಕ ತಾನೇ ಬರೆದ ದೊಡ್ಡ ನಕ್ಷೆಯೊಂದನ್ನು ತೂಗುಹಾಕಿದ್ದ. ಚೆನ್ನಾಗಿಯೇ ಹೇಳಿದ, ಅದನ್ನು ಒಪ್ಪಿಕೊಳ್ಳಬೇಕು. ಬೇಸಿಗೆಗೆ ದನಕುರಿಗಳೊಡನೆ ಮೇಲಿನ ಮನೆಗೆ ಹತ್ತಿ, ಚಳಿಗೆ ಕಣಿವೆಯ ಮನೆಗೆ ಇಳಿಯುತ್ತಿದ್ದ ಜನ. ಕಾಲಿಗೆ ಲಾಳ ಹೊಡೆಸಿ ಲಂಡನ್ನಿನ ಸಂತೆಯವರೆಗೂ ನಡೆಸಿಕೊಂಡು ಬರುತ್ತಿದ್ದ ದನಗಳು. ಆಮೇಲೆ ಪೂರ್ವದ ಗುಡ್ಡದ ಮೇಲೆ ಬೆರಳೆಳೆದು, "ನಮ್ಮ ಸೀಮೆ ಇಲ್ಲಿಗೆ ಮುಗಿಯಿತು" ಎಂದ.

"ಇಲ್ಲ," ಎಂದೆ ಕೂತಲ್ಲಿಂದಲೇ. "ಗುಡ್ಡದಾಚೆ ಹೊಳೆಯವರೆಗೂ ಇದೆ. ಅಲ್ಲಿ ಮೂರು ಮನೆಗಳಿವೆ."

"ಅವರು ನಮ್ಮವರಲ್ಲ. ಕುರಿ ಕದಿಯುವವರು."

"ಅವರ ತಾತ ಮುತ್ತಾತಂದಿರೆಲ್ಲ ನಿಮ್ಮ ಚರ್ಚಿನ ಅಂಗಳದಲ್ಲೇ ಮಣ್ಣಾಗಿದ್ದಾರೆ. ಕಲ್ಲುಗಳನ್ನು ಓದಿದ್ದೇನೆ."

"ರಜೆಗೆ ಹೋಗಿದ್ದಿರೋ?"

"ಹಿಮದಲ್ಲಿ ಆ ಗುಡ್ಡ ಹತ್ತಿಳಿದು ರೋಗಿಗಳನ್ನು ನೋಡಿದ್ದೇನೆ."

ಯಾರೋ ಕೆಮ್ಮಿದರು. ಅವನು ನಕ್ಷೆ ಸುತ್ತಿಕೊಂಡು, "ಹೊರಗಿನವರು ನಮಗೆ ನಮ್ಮ ಊರು ಕಲಿಸಬೇಕಾಗಿಲ್ಲ" ಎಂದು ಹೊರಟೇಹೋದ.

ಮನೆಗೆ ಬಂದು ಗಂಡನಿಗೆ ಹೇಳಿದೆ. "ನಿನಗ ಯಾಕ ಬೇಕಿತ್ತು? ಅವನ ಊರು, ಅವನ ನಕ್ಷೆ," ಎಂದರು.

"ಸುಳ್ಳು ಹೇಳಿದ್ರ ಕೇಳಕೋತ ಕೂಡಬೇಕೇನು?"

ಅದಷ್ಟೇ ಆಗಿರಲಿಲ್ಲ. ನಾಲ್ಕು ಚಳಿಗಾಲದಲ್ಲಿ ಆ ಕಣಿವೆಯ ಜನ ನನ್ನಿಂದ ಔಷಧಿ ಬರೆಸಿಕೊಂಡರು, ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಇಂಗ್ಲಿಷ್ ಬಲ್ಲವರೂ ನಾನು ಅಂಗಡಿಯೊಳಗೆ ಹೋದೊಡನೆ ತಮ್ಮ ವೆಲ್ಷ್ ಭಾಷೆಗೆ ಹೊರಳಿ ನಗುತ್ತಿದ್ದರು. ಒದ್ದೆ ಕೋಟು ಬಿಚ್ಚಿಸಿ, ಒಲೆಯ ಮುಂದೆ ಕೂರಿಸಿ ಚಹಾ ಕೊಟ್ಟವರು ಗುಡ್ಡದಾಚೆಯವರು ಮಾತ್ರ. ಅವರನ್ನು ನಕ್ಷೆಯಿಂದ ಅಳಿಸಲು ನಾನು ಬಿಡುವವಳಲ್ಲ.

ವಸಂತದಲ್ಲಿ ಅವನು ಮತ್ತೊಮ್ಮೆ ಮಾತಾಡಿದ. ಬೇಕೆಂದೇ ಮೊದಲ ಸಾಲಿನಲ್ಲಿ ಕೂತೆ. ಗಡಿಗೆರೆ ಹೊಳೆಯವರೆಗೆ ಸರಿದಿತ್ತು. ಮೂರು ಮನೆಗಳಿಗೆ ಮೂರು ಚುಕ್ಕೆ. "ಹಳೆಯ ದಾಖಲೆಗಳನ್ನು ನೋಡಿ ತಿದ್ದಿದ್ದೇನೆ," ಎಂದ, ನನ್ನತ್ತ ನೋಡದೆ ಗೋಡೆಯತ್ತ ತಿರುಗಿ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಚೀಲ ಎತ್ತಿಕೊಂಡು ಎದ್ದೆ.