ಮೂರು ಕೆಂಪು ಚುಕ್ಕಿಯ ಕೊಡ

ನಮ್ಮ ಬೀದಿಯಲ್ಲಿ ಪ್ರತಿ ಮನೆಯ ಪ್ಲಾಸ್ಟಿಕ್ ಕೊಡಕ್ಕೂ ಒಂದು ಗುರುತಿರುತ್ತದೆ. ನಲ್ಲಿ ಮುಂದೆ ಸಾಲಾಗಿ ಇಟ್ಟ ನೀಲಿ ಕೊಡಗಳಲ್ಲಿ ಯಾವುದು ಯಾರದ್ದು ಅಂತ ತಿಳಿಯಬೇಕಲ್ಲ. ಒಬ್ಬರು ಕಂಠಕ್ಕೆ ಬಟ್ಟೆ ಚೂರು ಕಟ್ಟುತ್ತಾರೆ, ಇನ್ನೊಬ್ಬರು ಕಾದ ಸೌಟಿನಲ್ಲಿ ಗೀಟು ಎಳೆಯುತ್ತಾರೆ. ನಮ್ಮ ಮನೆಯದು ಮೂರು ಕೆಂಪು ಚುಕ್ಕಿ. ಮನೆಯಲ್ಲಿ ಎತ್ತು ಇದ್ದಾಗ ಸಂಕ್ರಾಂತಿಗೆ ಕೊಂಬಿಗೆ ಬಳಿದು ಮಿಕ್ಕಿದ್ದ ಬಣ್ಣದಲ್ಲಿ ನಾನೇ ಬೆರಳು ಅದ್ದಿ ಇಟ್ಟದ್ದು. ಎತ್ತು ಹೋದವು, ಬಣ್ಣದ ಡಬ್ಬಿ ಒಣಗಿತು, ಚುಕ್ಕಿ ಮಾತ್ರ ಉಳಿದವು.

ಹೋದ ಬೇಸಿಗೆಯಲ್ಲಿ ಆ ಕೊಡಗಳಲ್ಲಿ ಒಂದರ ಭುಜ ಬಿರುಕು ಬಿಟ್ಟಿತು. ತುಂಬಿಸಿ ಸೊಂಟಕ್ಕೆ ಇಟ್ಟರೆ ಸೀರೆಯೆಲ್ಲ ಒದ್ದೆ. ಅದೇ ವಾರ ನಮ್ಮ ಕಲಗಚ್ಚಿನ ಬಾನಿಯೂ ತಳ ಒಡೆದಿತ್ತು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ ಎಲ್ಲವನ್ನೂ ಆ ಬಾನಿಗೆ ಹಾಕಿ ರೇಷ್ಮೆ ತೋಟದ ಗೇಟಿನ ಹತ್ತಿರ ಇಡುತ್ತಿದ್ದೆ. ನಮಗೆ ಈಗ ದನ ಇಲ್ಲ. ಪಕ್ಕದ ಮನೆಯವಳಿಗೆ ಒಂದು ಎಮ್ಮೆ ಇದೆ, ಸಂಜೆ ಬಂದು ಅವಳು ತೆಗೆದುಕೊಂಡು ಹೋಗುತ್ತಾಳೆ. ನಮ್ಮತ್ತೆ ಆ ಕಲಗಚ್ಚಿಗೆ ದಿನಾ ಒಂದು ಹಿಡಿ ಉಪ್ಪು ಹಾಕುತ್ತಾರೆ. "ಉಪ್ಪಿಲ್ದೆ ನೀನು ಉಣ್ತೀಯಾ?" ಅನ್ನುತ್ತಾರೆ. ಬಾನಿ ಹೋದ ಮೇಲೆ, ಅರ್ಧಕ್ಕೆ ಹೇಗೂ ನಿಲ್ಲುತ್ತದಲ್ಲ ಅಂತ, ಬಿರುಕು ಬಿಟ್ಟ ಕೊಡಕ್ಕೇ ಕಲಗಚ್ಚು ಹಾಕತೊಡಗಿದೆ. ಬಾಯಿ ಅಗಲದ ಪಾತ್ರೆಗೂ ಕಂಠ ಸಣ್ಣಗಿರುವ ಕೊಡಕ್ಕೂ ಇರುವ ವ್ಯತ್ಯಾಸ ಆಗ ನನ್ನ ತಲೆಗೆ ಬರಲೇ ಇಲ್ಲ.

ಒಂದು ಸಂಜೆ ಪಕ್ಕದ ಮನೆಯವಳು ಬರಲಿಲ್ಲ. ತಂಗಿಯ ಹೆರಿಗೆ ಅಂತ ಕಾಮಗೆರೆ ಆಸ್ಪತ್ರೆಗೆ ಹೋದವಳು ಅಲ್ಲೇ ಉಳಿದುಬಿಟ್ಟಿದ್ದಳು. ಕೊಡ ಗೇಟಿನ ಹತ್ತಿರವೇ ಇತ್ತು. ಬೆಳಿಗ್ಗೆ ನೋಡಿದರೆ ಇಲ್ಲ. ಬಿರುಕು ಕೊಡವನ್ನೂ ಬಿಡುವುದಿಲ್ಲವಲ್ಲ ಕಳ್ಳರು ಅಂತ ಬೈದುಕೊಂಡು ರೇಷ್ಮೆ ಹುಳುವಿನ ಮನೆಗೆ ಹೋದೆ. ಅವತ್ತು ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಒಂದು ದಿನಕ್ಕೂ ಹೆಚ್ಚು ಹೊತ್ತು ಅವು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವ ಹಾಗಿಲ್ಲ. ಎದ್ದ ಮೇಲೆ ಮಾತ್ರ ಕೈಗೆ ಬಿಡುವಿಲ್ಲ.

ಹುಳುವಿನ ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಿದ್ದೆ. ಪಕ್ಕದ ಮನೆಯವಳು ಬಸ್ಸಿಳಿದು ಹೊಲದ ಮೇಲೇ ಓಡಿಬಂದಳು, ಕೈಯಲ್ಲಿ ಆಸ್ಪತ್ರೆಯ ಚೀಲ.

"ಅಕ್ಕಾ, ನಿಮ್ ಕೊಡ ಓಡ್ತಾ ಅದೆ ಕಣಕ್ಕ!"

"ಏನು?"

"ನಿಮ್ ಕೊಡವೇ. ಮೂರ್ ಚುಕ್ಕಿದು. ಆ ಬೀಳೊಳಗೆ ಓಡ್ತಾ ಅದೆ. ಕೆಳಗೆ ನಾಕ್ ಕಾಲ್ ಅವೆ."

ಹೋಗಿ ನೋಡಿದೆವು. ತೋಟದ ಆಚೆ ಕಾಡಿನ ಅಂಚಿಗೆ ಇರುವ ಬೀಳು ಜಮೀನಿನಲ್ಲಿ, ಲಂಟಾನದ ಪೊದೆ ಪಕ್ಕ, ಒಂದು ಜಿಂಕೆ ಮರಿ ನಿಂತಿತ್ತು. ತೀರಾ ಎಳೆಯದಲ್ಲ, ತಾಯಿ ಬಿಟ್ಟು ಮೇಯುವಷ್ಟು ಆಗಿತ್ತು. ಕತ್ತಿನವರೆಗೂ ನಮ್ಮ ಕೊಡ. ತಲೆ ಅಲ್ಲಾಡಿಸಿದರೆ ಕೊಡ ಅಲ್ಲಾಡುತ್ತಿತ್ತು. ಒಳಗೆ ಮಿಕ್ಕಿದ್ದ ಕಲಗಚ್ಚು ಬಿರುಕಿನಿಂದ ಸೋರಿ ಎದೆಯ ಮೇಲೆ ಬಿಳಿಯಾಗಿ ಒಣಗಿತ್ತು. ಆ ಬಿರುಕಿನಿಂದಲೇ ಗಾಳಿಯೂ ಹೋಗುತ್ತಿತ್ತೋ ಏನೋ, ಉಸಿರು ಬುಸ್ ಬುಸ್ ಅಂತ ನಾವು ನಿಂತಲ್ಲಿಗೇ ಕೇಳುತ್ತಿತ್ತು.

ಅಷ್ಟರಲ್ಲಿ ಊರಿನ ಐದಾರು ಜನ ಸೇರಿ ಹಿಡಿಯಲು ಹೋದರು. ಅದು ಹೆದರಿ ಓಡಿ ಬೇಲಿಯ ಕಲ್ಲುಕಂಬಕ್ಕೆ ಗುದ್ದಿತು. ನಮ್ಮನೆಯವರು ಕೂಗಿದರು: "ಓಡಿಸ್ಬೇಡ್ರಪ್ಪೋ! ಕಣ್ ಕಾಣ್ದಿರೋ ಪ್ರಾಣಿ, ಕಾಲ್ ಮುರ್ಕತದೆ." ಎಲ್ಲರೂ ನಿಂತರು. ಅದೂ ನಿಂತಿತು. ಬಿಸಿಲು ಏರುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ನೀರು. ನಾಲ್ಕು ಮಾರು ದೂರದಲ್ಲಿ ನಮ್ಮ ಡ್ರಿಪ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅರಣ್ಯ ಇಲಾಖೆಯವರಿಗೆ ಫೋನು ಹೋಯಿತು. ಮಧ್ಯಾಹ್ನ ಗಾರ್ಡು ಒಬ್ಬರು ಬಂದರು, ಶಾಗ್ಯದ ಕಡೆಯವರೇ, ಮುಖ ಪರಿಚಯ. ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಮತ್ತು ಬರೋ ಔಷಧಿ ಕೊಟ್ಟು ಮಲಗಿಸ್ದೆ ಆಗೋ ಕೆಲ್ಸ ಅಲ್ಲ ಕಣಕ್ಕ. ಗನ್ನಿರೋ ಡಾಕ್ಟ್ರು ದೂರದಿಂದ ಬರ್ಬೇಕು. ನಾಳೆ ಬೆಳಿಗ್ಗೆ ಬತ್ತಾರೆ. ಅಲ್ಲೀಗಂಟ ಯಾರೂ ಹತ್ರ ಓಗ್ಬೇಡಿ." ಆಮೇಲೆ ಕೊಡದ ಕಡೆ ನೋಡಿ ಕೇಳಿದರು: "ಯಾರ್ದು ಇದು?"

ಸುತ್ತ ನಿಂತವರು ನನ್ನ ಕಡೆ ನೋಡಿದರು. ಎಲ್ಲರಿಗೂ ಗೊತ್ತಿತ್ತು. "ನಮ್ದೇ ಅಣ್ಣ," ಅಂದೆ. ಅವರು ಟೋಪಿ ಮತ್ತೆ ತಲೆಗೆ ಹಾಕಿಕೊಂಡರು, ಅಷ್ಟೇ. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮಾರನೆಯ ದಿನ ಬಿಸಿಲು ಏರುವ ಮೊದಲೇ ಡಾಕ್ಟರು ಜೀಪಿನಲ್ಲಿ ಬಂದರು. ಸಣ್ಣ ಆಳು, ಕನ್ನಡಕ, ಮೆಲ್ಲಗೆ ಮಾತು. ಜಿಂಕೆ ಅದೇ ಬೀಳಿನಲ್ಲಿತ್ತು, ಆದರೆ ತಲೆ ಇಳಿಬಿಟ್ಟಿತ್ತು. ಕೊಡದ ಭಾರಕ್ಕೋ, ಸುಸ್ತಿಗೋ. ಡಾಕ್ಟರು ಉದ್ದನೆಯ ಪೆಟ್ಟಿಗೆಯಿಂದ ಗನ್ನು ತೆಗೆದು ಜೋಡಿಸಿದರು. ಅದು ಗುಂಡು ಹಾರಿಸುವುದಲ್ಲ, ಔಷಧಿ ತುಂಬಿದ ಸೂಜಿಯನ್ನು ಗ್ಯಾಸಿನಲ್ಲಿ ನೂಕುವುದು. ಗಾರ್ಡು ಬಗ್ಗಿ ಬಗ್ಗಿ ಮುಂದೆ ಹೋದರು, ಡಾಕ್ಟರು ಹಿಂದೆ. ನಾವೆಲ್ಲ ಬದುವಿನ ಮೇಲೆ ಉಸಿರು ಹಿಡಿದು ನಿಂತೆವು.

ಪುಸ್ ಅಂತ ಸದ್ದಾಯಿತು. ಸೂಜಿ ಅರ್ಧ ದಾರಿಯಲ್ಲಿ, ಎಲೆ ಅಡಿಕೆ ಉಗುಳಿದ ಹಾಗೆ, ಹುಲ್ಲಿಗೆ ಬಿತ್ತು.

"ಗ್ಯಾಸ್ ಇಳಿದೋಗ್ಯದೆ ಸಾ," ಅಂದರು ಗಾರ್ಡು.

ಡಾಕ್ಟರು ಇನ್ನೊಂದು ಪುಟ್ಟ ಸಿಲಿಂಡರು ತೆಗೆದರು. ಅದು ಗನ್ನಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಬಿಗಿ ಮಾಡಿದಷ್ಟೂ ಸುಂಯ್ ಅಂತ ಸೋರುತ್ತಿತ್ತು. ವಾಷರು ಬೇರೆ ಅಳತೆಯದಂತೆ. ಹೊಸದು ಬೇಕೆಂದರೆ ಕೊಳ್ಳೇಗಾಲದಲ್ಲೂ ಸಿಕ್ಕುವುದಿಲ್ಲವಂತೆ. ನಮ್ಮನೆಯವರು ಮೋಟಾರು ಮನೆಗೆ ಹೋಗಿ ಡ್ರಿಪ್ ಪೈಪಿಗೆ ಸುತ್ತುವ ಬಿಳಿ ಟೇಪು ತಂದರು. "ಇದ್ನ ಸುತ್ತಿ ನೋಡಿ ಸಾರ್." ಡಾಕ್ಟರು ಒಂದು ಗಳಿಗೆ ಆ ಟೇಪನ್ನೇ ನೋಡಿದರು, ಆಮೇಲೆ ಸುತ್ತಿದರು. ಸೋರುವುದು ನಿಂತಿತು. ನಮ್ಮನೆಯವರ ಮುಖ ಅರಳಿದ್ದನ್ನು ನಾನು ನೋಡಿದೆ. ನನಗೂ ಧೈರ್ಯ ಬಂತು.

ಎರಡನೆಯ ಸೂಜಿ ನೆಟ್ಟಗೆ ಹೋಯಿತು. ಅದೇ ಹೊತ್ತಿಗೆ ಜಿಂಕೆ ತಲೆ ತಿರುಗಿಸಿತು. ಟಪ್ ಅಂತ ಸೂಜಿ ಕೊಡಕ್ಕೆ ಚುಚ್ಚಿ ನಿಂತಿತು, ಕೆಂಪು ಚುಕ್ಕಿಗಳ ಪಕ್ಕದಲ್ಲೇ.

"ಸಾ, ಕೊಡಕ್ಕೆ ಮತ್ತು ಬತ್ತದೆ ನೋಡಿ ಇನ್ನೇನು!" ಅಂತ ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಡಾಕ್ಟರೂ ನಕ್ಕರು, ಪಾಪ. ನನಗೆ ನಗು ಬರಲಿಲ್ಲ. ಸದ್ದಿಗೆ ಜಿಂಕೆ ಓಡಿ ಇನ್ನೊಂದು ಪೊದೆಯ ಪಕ್ಕ ನಿಂತಿತು.

ಮೂರನೆಯದು ತೊಡೆಗೇ ಬಿತ್ತು. ಎಲ್ಲರೂ "ಆ!" ಅಂದರು. ಇನ್ನು ಹತ್ತು ನಿಮಿಷಕ್ಕೆ ಮಲಗುತ್ತದೆ ಅಂದರು ಡಾಕ್ಟರು. ಗಡಿಯಾರ ನೋಡುತ್ತ ಕೂತೆವು. ಹತ್ತು ಆಯಿತು, ಇಪ್ಪತ್ತಾಯಿತು. ಅದು ನಿಂತೇ ಇತ್ತು. ಕೊನೆಗೆ ಮೈ ಕೊಡವಿತು, ಸೂಜಿ ಕೆಳಗೆ ಬಿತ್ತು. ಗಾರ್ಡು ನಿಧಾನಕ್ಕೆ ಹೋಗಿ ಎತ್ತಿಕೊಂಡು ಬಂದರು. ಔಷಧಿ ತುಂಬಿಸಿದ ಹಾಗೇ ಇತ್ತು. ಸೂಜಿಯ ತೂತು ಕಟ್ಟಿಕೊಂಡಿತ್ತು. ಗ್ಯಾಸೂ ಮುಗಿದಿತ್ತು.

ಡಾಕ್ಟರು ಬದುವಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ನಾನು ಮಜ್ಜಿಗೆ ತಂದು ಕೊಟ್ಟೆ. "ಕ್ಷಮಿಸಿಯಮ್ಮ," ಅಂದರು. ಕೊಡ ಇಟ್ಟವಳು ನಾನು, ಅವರು ನನ್ನ ಕ್ಷಮೆ ಕೇಳುತ್ತಿದ್ದರು.

ಉಳಿದದ್ದು ಬಲೆ. ಜೀಪಿನಲ್ಲಿ ತಂದಿದ್ದ ಬಲೆ ಬಿಚ್ಚಿದರೆ ಮಧ್ಯದಲ್ಲಿ ಇಲಿ ಕಡಿದು ಒಂದಾಳು ನುಗ್ಗುವಷ್ಟು ಕಂಡಿ. ಹಗ್ಗದಲ್ಲಿ ಕಟ್ಟಲು ನೋಡಿದರು. ಕಟ್ಟಿದ ಕಡೆ ಬಿಗಿಯಾಗಿ ಪಕ್ಕದಲ್ಲಿ ಕಿತ್ತು ಬಂತು. ಆಗ ನನಗೆ ನಮ್ಮ ಹುಳುವಿನ ಮನೆಯ ಬಾಗಿಲಿನ ಬಲೆ ನೆನಪಾಯಿತು. ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡದಿರಲಿ ಅಂತ ಕಟ್ಟುವ ನೈಲಾನ್ ಬಲೆ, ಬಾಗಿಲಿಗೂ ಎರಡು ಕಿಟಕಿಗೂ ಸೇರಿ ಉದ್ದಕ್ಕೆ ಇದೆ.

"ನಮ್ ಬಲೆ ಬಿಚ್ಕಂಡು ಬತ್ತೀನಿ," ಅಂದೆ.

"ತಲೆ ಕೆಟ್ಟದಾ ಅಮ್ಮೀ ನಿಂಗೆ?" ಅಂದರು ನಮ್ಮನೆಯವರು. "ಹುಳ ಜ್ವರದಲ್ಲಿ ಅವೆ. ನೊಣ ನುಗ್ಗುದ್ರೆ ಈ ಬೆಳೆ ಪೂರಾ ಓಯ್ತದೆ."

ಮಾತಾಡುತ್ತಲೇ ಹುಳುವಿನ ಮನೆಗೆ ಬಂದೆವು, ಬಾಗಿಲಲ್ಲೇ ಕೂತಿದ್ದ ಅತ್ತೆ ಎದ್ದರು. "ಬಿಚ್ಚು ಕೂಸೇ. ನಾನು ಅಡ್ಡಕ್ಕೆ ಸೀರೆ ಕಟ್ಟಿ ಬಾಗ್ಲಲ್ ಕೂತ್ಕತೀನಿ. ಯಾವ್ ನೊಣ ಬತ್ತದೆ ನೋಡಾನ." ತಮ್ಮ ಎರಡು ಹಳೇ ಸೀರೆ ತಂದರು. ನಮ್ಮನೆಯವರು ಬೈದುಕೊಂಡೇ ಗಂಟು ಬಿಚ್ಚಿದರು.

ಬಲೆಯನ್ನು ಎರಡು ಪೊದೆಗಳ ನಡುವೆ ಹಿಡಿದೆವು. ಒಂದು ತುದಿಗೆ ನಮ್ಮನೆಯವರು ಮತ್ತು ಗಾರ್ಡು, ಇನ್ನೊಂದು ತುದಿಗೆ ನಾನು ಮತ್ತು ಪಕ್ಕದ ಮನೆಯವಳು. ಡಾಕ್ಟರು ಹಿಂದಿನಿಂದ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಜಿಂಕೆ ಓಡಿಬಂತು, ನಾನು ನಿಂತ ಕಡೆಗೇ ಬಂತು. ಬಲೆಗೆ ಬಿತ್ತು. ನಾನು ಬಲೆ ಬಿಟ್ಟು ಎರಡೂ ಕೈಯಲ್ಲಿ ಕೊಡದ ಕಂಠ ಹಿಡಿದೆ.

ಎಷ್ಟು ವರ್ಷ ಅದೇ ಕಂಠ ಹಿಡಿದು ನೀರು ಹೊತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ಹಿಡಿದರೂ ಕೈಗೆ ಗೊತ್ತು. ಒಳಗಿನಿಂದ ಬಿಸಿ ಉಸಿರು ಬಿರುಕಿನ ಮೂಲಕ ನನ್ನ ಮಣಿಕಟ್ಟಿಗೆ ತಾಗಿತು. "ಹಿಡ್ಕೋ ಅಕ್ಕ, ಬುಡ್ಬೇಡ!" ಅಂತ ಪಕ್ಕದ ಮನೆಯವಳು ಕಿರುಚುತ್ತಿದ್ದಳು. ಗಂಜಿಯ ಲೋಳೆ ಕಂಠದ ಸುತ್ತ ಅಂಟಿತ್ತು, ಮೇಲೆ ಅದರ ಬೆವರೋ ಜೊಲ್ಲೋ. ಕೈ ಜಾರಿತು. ಒಂದೇ ಒದೆಗೆ ಬಲೆ ಕಾಗದದ ಹಾಗೆ ಪರ್ ಅಂತ ಹರಿಯಿತು. ಜಿಂಕೆ ಹಾರಿ, ಮುಗ್ಗರಿಸಿ, ಎದ್ದು ಕಾಡಿನ ಇಳಿಜಾರಿಗೆ ಹೋಯಿತು. ನೀಲಿ ಬಣ್ಣ ಮರಗಳ ಸಂದಿಯಲ್ಲಿ ಎರಡು ಸಲ ಕಂಡಿತು. ಆಮೇಲೆ ಕಾಣಲಿಲ್ಲ.

ಗಾರ್ಡೂ ಡಾಕ್ಟರೂ ಹಿಂದೆ ಹೋದರು. ನಮ್ಮನ್ನು ಬಿಡಲಿಲ್ಲ, ಒಳಗೆ ಆನೆ ಇದೆ ಅಂದರು. ಮಧ್ಯಾಹ್ನದ ಮೇಲೆ ಬರಿಗೈಯಲ್ಲಿ ವಾಪಸ್ಸು ಬಂದರು.

ಅವತ್ತು ಸಂಜೆಗೆ ಹುಳು ಜ್ವರದಿಂದ ಎದ್ದವು. ಹಸಿದು ಎದ್ದ ಹುಳುವಿಗೆ ಯಾರ ಕಷ್ಟವೂ ಬೇಕಿಲ್ಲ. ಸೊಪ್ಪು ಕುಯ್ದೆ, ಹಾಕಿದೆ, ಮತ್ತೆ ಕುಯ್ದೆ. ನಮ್ಮನೆಯವರು ಹರಿದ ಬಲೆಯನ್ನು ಗೋಣಿದಾರದಲ್ಲಿ ಹೊಲಿದು ಮತ್ತೆ ಕಟ್ಟಿದರು. ನಾನು ನೀರಿನ ಚೊಂಬು ಎತ್ತಿದಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ: ಮೊನ್ನೆ ರಾತ್ರಿಯಿಂದ ಇಲ್ಲ, ಎರಡು ಹಗಲು ಆಯಿತು, ಇನ್ನೆಷ್ಟು ತಡೆದೀತು. ಅತ್ತೆಗೆ ನನ್ನ ಮುಖ ಕಂಡಿರಬೇಕು. "ಉಪ್ಪು ಹಾಕ್ದೋಳು ನಾನು. ಉಪ್ಪಿಗೇ ಅದು ಬಾಯಿ ಹಾಕುದ್ದು. ನೀನೊಬ್ಳೇ ಯಾಕೆ ಹೊತ್ಕಂಡು ತಿರುಗ್ತೀಯ," ಅಂದರು. ಅತ್ತೆ ಹಾಗೆ ತಪ್ಪಿನಲ್ಲಿ ಪಾಲು ಕೇಳಿದ್ದು ನಾನು ಈ ಮನೆಗೆ ಬಂದ ಮೇಲೆ ಅದೇ ಮೊದಲು.

ಮಾರನೆಯ ದಿನ ಸುದ್ದಿ ಇಲ್ಲ. ಅದರ ಮಾರನೆಯ ದಿನ ಗಾರ್ಡು ಬೈಕಿನಲ್ಲಿ ಬಂದು ಒಂದು ಪ್ಲಾಸ್ಟಿಕ್ ಚೂರು ನನ್ನ ಕೈಗೆ ಕೊಟ್ಟರು. ಅಂಗೈ ಅಗಲದ ನೀಲಿ ಚೂರು, ಮೇಲೆ ಮೂರು ಕೆಂಪು ಚುಕ್ಕಿ, ಪಕ್ಕದಲ್ಲಿ ಸೂಜಿಯ ತೂತು.

"ಹೆದರ್ಬೇಡಿ ಅಕ್ಕ. ಬಂಡೆಗೋ ಮರಕ್ಕೋ ಗುದ್ದಿ ಒಡ್ಕಂಡದೆ. ನೋಡಿ ಇಲ್ಲಿ." ಫೋನು ತೋರಿಸಿದರು. ಕಾಡಿನೊಳಗಿನ ಕಟ್ಟೆ. ಮುಂಗಾಲು ಅಗಲಿಸಿಕೊಂಡು ನಮ್ಮ ಜಿಂಕೆ ಮರಿ ನೀರು ಕುಡಿಯುತ್ತಿತ್ತು. ಕುಡಿದೇ ಕುಡಿದೇ ಕುಡಿಯುತ್ತಿತ್ತು. ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡರು. "ಬದುಕ್ತಲ್ಲ, ಬುಡು." ನಮ್ಮನೆಯವರು ಗಾರ್ಡಿನ ಬೆನ್ನು ತಟ್ಟಿದರು.

ನಾನು ಇನ್ನೊಂದು ಸಲ ತೋರಿಸಿ ಅಂದೆ. ಅದರ ಕತ್ತಿನಲ್ಲಿ ನೀಲಿ ಬಳೆಯ ಹಾಗೆ ಏನೋ ಇತ್ತು. ಕೊಡ ಒಡೆದಿತ್ತು, ಕಂಠ ಒಡೆದಿರಲಿಲ್ಲ. ಕೊಡದಲ್ಲಿ ಎಲ್ಲಕ್ಕಿಂತ ದಪ್ಪ ಅದೇ ಜಾಗ, ಹಿಡಿಯಲು ಅಂತ ಮಡಿಸಿರುತ್ತಾರೆ.

"ಅದಿನ್ನೂ ಮರಿ ಅಲ್ವಾ ಅಣ್ಣ? ಬೆಳೆದ್ರೆ?"

ಗಾರ್ಡು ಫೋನು ಜೇಬಿಗೆ ಹಾಕಿಕೊಂಡರು. "ಡಾಕ್ಟ್ರಿಗೂ ಕಳ್ಸಿದ್ದೀನಿ ಕಣಕ್ಕ. ಅವ್ರೂ ಅದೇ ಅಂದ್ರು. ಗನ್ನು ರಿಪೇರಿಗೆ ಓಗ್ಯದೆ. ಬಂದ ತಕ್ಷಣ ಮಾಡಾನ."

"ಈಗ ಎಷ್ಟು ಸಡಿಲ ಅದೆ?"

ಅವರು ತಮ್ಮ ಕೊರಳಪಟ್ಟಿಯೊಳಗೆ ಮೂರು ಬೆರಳು ತೂರಿಸಿ ತೋರಿಸಿದರು.

ಈಗ ಕಲಗಚ್ಚಿಗೆ ಸಿಮೆಂಟಿನ ಅಗಲ ತೊಟ್ಟಿ ತಂದಿದ್ದೇವೆ. ಉಪ್ಪನ್ನು ಅತ್ತೆ ಪಕ್ಕದ ಮನೆಯವಳ ಕೈಗೇ ಕೊಡುತ್ತಾರೆ, ಎಮ್ಮೆಯ ಮುಂದೆ ಹಾಕಿಕೋ ಅಂತ. ಆ ಸಲದ ಹುಳು ಗೂಡು ಕಟ್ಟಿದವು, ಊಜಿ ಹೊಡೆದದ್ದು ಸ್ವಲ್ಪ. ಗಾರ್ಡು ನಮ್ಮ ತೋಟದ ಮೇಲೆ ಹಾದುಹೋಗುವಾಗಲೆಲ್ಲ ನಾನು ಗೇಟಿಗೆ ಬರುತ್ತೇನೆ. ಗನ್ನು ಬಂತಾ ಅಂತ ಕೇಳುವುದನ್ನು ಬಿಟ್ಟಿದ್ದೇನೆ, ಅವರಿಗೂ ಬೇಜಾರು. ಎಷ್ಟು ಬೆರಳು ಅಂತ ಮಾತ್ರ ಕೇಳುತ್ತೇನೆ. ಅವರು ಬೈಕು ನಿಲ್ಲಿಸದೆ ಕೈಯೆತ್ತಿ ತೋರಿಸುತ್ತಾರೆ. ಮಳೆ ಹಿಡಿಯುವವರೆಗೂ ಮೂರೇ ತೋರಿಸುತ್ತಿದ್ದರು. ಕಾಡು ಹಸಿರಾದ ಮೇಲೆ ಎರಡು. ಹೋದ ವಾರ ಬೈಕು ನಿಲ್ಲಿಸಿದರು, ಕೈಯೆತ್ತಲಿಲ್ಲ. "ಚೆನ್ನಾಗಿ ಮೇಯ್ತಾ ಅದೆ ಕಣಕ್ಕ, ಮೈ ತುಂಬ್ಕಂಡದೆ," ಅಂದರು.